ಹೆಸರಿನ ತನಕ ಬಂದ ದನಿ

ಸಮಾಧಾನ ಅನ್ನುವುದು ನನಗೆ ಹುಟ್ಟಿನಿಂದಲೇ ಇಲ್ಲ. ಕುಕ್ಕರ್ ಎರಡನೆಯ ಸೀಟಿ ಹೊಡೆಯುವಾಗಲೇ ಎದ್ದು ಅದರ ಮುಂದೆ ನಿಂತಿರುತ್ತೇನೆ. ಕುಷ್ಟಗಿಯ ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಝರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ಅಲ್ಲಿನ ಕಂಪ್ಯೂಟರು ಒಂದು ವಾರದಿಂದ ತೆವಳುತ್ತಿತ್ತು. ಫೈಲ್ ತೆರೆ ಅಂದರೆ ಬಿಳಿ ಪರದೆ ತೋರಿಸಿ ಸುಮ್ಮನೆ ಕೂರುವುದು. ಗಿರಾಕಿಗಳು "ಅಕ್ಕಾರ, ಬಸ್ ಹೊಂಟತ್ರಿ, ಲಗೂ ಮಾಡ್ರಿ" ಅನ್ನುವುದು, ನಾನು ಮೌಸನ್ನು ಮೇಜಿಗೆ ಕುಟ್ಟುವುದು. ಇದು ವೈರಸ್ಸೇ ಎಂದು ನಾನೇ ತೀರ್ಮಾನಿಸಿದೆ. ಯಾರನ್ನೂ ಕೇಳಲಿಲ್ಲ. ಕೇಳುವಷ್ಟು ಹೊತ್ತು ನನ್ನ ಹತ್ತಿರ ಎಲ್ಲಿತ್ತು?

ಒಂದು ಮುಂಜಾನೆ ಅಂಗಡಿಯ ಬಾಗಿಲು ಅರ್ಧ ಎಳೆದು ಫಾರ್ಮ್ಯಾಟ್ ಮಾಡಿಬಿಟ್ಟೆ. ಲಗ್ನಪತ್ರಿಕೆಗಳು, ಸಾಲಿಯ ಪ್ರಶ್ನೆಪತ್ರಿಕೆಗಳು, ಕೋರ್ಟಿನ ಅಫಿಡವಿಟ್ಟುಗಳು, ಡೆಸ್ಕ್‌ಟಾಪಿನಲ್ಲಿ ಇದ್ದದ್ದೆಲ್ಲವನ್ನೂ ಮೊದಲೇ ಪೆನ್‌ಡ್ರೈವಿಗೆ ಹಾಕಿಕೊಂಡಿದ್ದೆ. ವಿಂಡೋಸ್ ಹೊಸದಾಗಿ ಕೂತಿತು. ಖಾಲಿ ಪರದೆ ನೋಡಿ ನನಗೆ ಹೇಗೋ ಆಯಿತು. ನೆರೆಮನೆಯವರು ಪಲ್ಯ ಕೊಟ್ಟ ಡಬ್ಬಿಯನ್ನು ತಿರುಗಿ ಕೊಡುವಾಗ ಖಾಲಿ ಕೊಡಬಾರದು, ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು ಎಂದು ಅವ್ವ ಕಲಿಸಿದ್ದಳು. ಅದೇ ಅಭ್ಯಾಸ. ಹೊಸ ಯಂತ್ರ ಖಾಲಿ ಇರಬಾರದೆಂದು, ಉಳಿದ ಫೈಲುಗಳಿಗಿಂತ ಮೊದಲು ಎಂಟು ಜಿಬಿ ಭಜನೆಪದಗಳನ್ನು ತುಂಬಿದೆ. ಊದಿನಕಡ್ಡಿ ಹಚ್ಚಿ ಕೈಮುಗಿದೆ. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ.

ಮಧ್ಯಾಹ್ನ ಮೂರಕ್ಕೆ ಅಪ್ಪ ಬಂದ. ಬಸ್ಸಿನ ಡ್ರೈವರ್ ಆಗಿ ಕುಷ್ಟಗಿ-ಗಂಗಾವತಿ ರೂಟಿನಲ್ಲೇ ಬದುಕು ಸವೆಸಿ ನಿವೃತ್ತನಾದವನು. ದಿನಾ ಊಟವಾದ ಮೇಲೆ ಬಂದು ಮೂಲೆಯ ಸ್ಟೂಲಿನ ಮೇಲೆ ಕೂತು, ಏನೂ ಮಾತಾಡದೆ ಕೈ ಚಾಚುತ್ತಾನೆ. ನಾನು ಹೆಡ್‌ಫೋನ್ ಕೊಡುತ್ತೇನೆ. ಅಂದೂ ಕೈ ಚಾಚಿದ.

ಅವನು ದಿನಾ ಕೇಳುವುದನ್ನು ನಾನು ಪೆನ್‌ಡ್ರೈವಿಗೆ ಹಾಕಿಕೊಂಡಿರಲಿಲ್ಲ ಎಂದು ಆಗ ಹೊಳೆಯಿತು.

ಅದೇನೆಂದು ಹೇಳಬೇಕಾದರೆ ಅವ್ವನ ವಿಷಯ ಹೇಳಬೇಕು. ಅವ್ವ ಸಂತೆಯಲ್ಲಿ ಕಾಯಿಪಲ್ಲೆ ಮಾರುವವಳು. "ಪುಂಡಿಪಲ್ಲೇ, ಮೆಂತೆಪಲ್ಲೇ" ಎಂದು ಅವಳು ಕೂಗಿದರೆ ಬಸ್ ಸ್ಟ್ಯಾಂಡಿನ ತನಕ ಕೇಳುತ್ತಿತ್ತು. ಆ ಗಂಟಲಿಗೇ ರೋಗ ಬಂತು. ಧ್ವನಿಪೆಟ್ಟಿಗೆ ತೆಗೆಯಬೇಕು, ಆಮೇಲೆ ಮಾತು ಇರುವುದಿಲ್ಲ ಎಂದು ಡಾಕ್ಟರು ಹೇಳಿದರು. ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಅಪ್ಪ ಅವಳನ್ನು ನನ್ನ ಅಂಗಡಿಗೆ ಕರೆತಂದ. ಅಷ್ಟು ವರ್ಷದ ಸಂಸಾರದಲ್ಲಿ ಅವಳು ಅವನನ್ನು ಹೆಸರು ಹಿಡಿದು ಕರೆದವಳಲ್ಲ. "ಇವರು", "ನಮ್ಮ ಮನಿಯವರು", ಸಿಟ್ಟು ಬಂದರೆ "ಆ ಡ್ರೈವರ್", ಅಷ್ಟೇ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳಬೇಕಾದರೆ ಒಡಪು ಕಟ್ಟಬೇಕು. ಎರಡು ಮೂರು ಪ್ರಾಸದ ಸಾಲು ಹೇಳಿ ಕೊನೆಗೆ ಹೆಸರು ಸೇರಿಸಬೇಕು. ಅದೂ ಲಗ್ನದಲ್ಲಿ ಹೆಂಗಸರು ಬಾಗಿಲು ಅಡ್ಡಗಟ್ಟಿ ನಿಂತು ಪೀಡಿಸಿದಾಗ.

"ಒಮ್ಮೆ ಹೇಳಿಬಿಡು" ಅಂದ ಅಪ್ಪ.

"ಈ ವಯಸ್ಸಿನ್ಯಾಗ ನಿಮಗೇನ್ರಿ ಹುಚ್ಚು" ಎಂದು ಅವ್ವ ಸೆರಗು ಮುಖಕ್ಕೆ ಎಳೆದುಕೊಂಡಳು. ಬಹಳ ಹೊತ್ತು ಬೇಡಿಕೊಂಡ ಮೇಲೆ ಮೈಕಿನ ಮುಂದೆ ಕೂತು, ಮೆಂತೆಪಲ್ಲೆಯ ಮೇಲೆ ಒಡಪು ಕಟ್ಟಿ ಹೆಸರು ಹೇಳಿದಳು. ಹೇಳಿದವಳೇ ನನ್ನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡು ಆಣೆ ಹಾಕಿಸಿದಳು: "ಮೊಬೈಲಿನ್ಯಾಗ ಹಾಕಬ್ಯಾಡ. ಗಂಡನ ಹೆಸರ ಹೇಳಿದ್ದು ಊರ ತುಂಬ ಹರದಾಡಿದ್ರ ನಾ ಸಂತ್ಯಾಗ ಮಾರಿ ಹ್ಯಾಂಗ ತೋರಿಸ್ಲಿ?"

ಹಾಗಾಗಿ ಅದು ಒಂದೇ ಕಡೆ ಇತ್ತು. ಅಂಗಡಿಗೆ ಬಂದವರು ಯಾರೂ ತಡಕಬಾರದೆಂದು ಸಿ ಡ್ರೈವಿನ ಒಳಗಿನ ಒಳಗೆ, ಕನ್ನಡ ಫಾಂಟುಗಳ ಫೈಲುಗಳ ನಡುವೆ ಬಚ್ಚಿಟ್ಟಿದ್ದೆ. ಅಪ್ಪನಿಗೆ ದಿನಾ ಪ್ಲೇಯರಿನ ಪಟ್ಟಿಯಿಂದಲೇ ಹಾಕಿಕೊಡುತ್ತಿದ್ದೆ. ಎಷ್ಟು ಚೆನ್ನಾಗಿ ಬಚ್ಚಿಟ್ಟಿದ್ದೆನೆಂದರೆ, ಅಳಿಸುವ ದಿನ ನನಗೇ ನೆನಪಾಗಲಿಲ್ಲ.

"ಯವ್ವಾ, ಯಾಕ ನಿಂತಿ?" ಅಂದ ಅಪ್ಪ.

"ಕಂಪ್ಯೂಟರ್ ಕೆಟ್ಟೈತಪ್ಪ. ನಾಳೆ ಬಾ."

ಸುಳ್ಳು ಹೇಳಿದ್ದಕ್ಕೆ ಶಿಕ್ಷೆಯೋ ಎಂಬಂತೆ ಅಂದೇ ಸಂಜೆ ಅದು ನಿಜವಾಗಿಯೂ ಕೆಟ್ಟಿತು. ಒಳಗಿನಿಂದ ಟಕ್, ಟಕ್, ಟಕ್. ಹಾರ್ಡ್‌ಡಿಸ್ಕಿನ ಸದ್ದು. ತೆವಳುತ್ತಿದ್ದದ್ದು ವೈರಸ್ಸಿನಿಂದ ಅಲ್ಲ, ಡಿಸ್ಕೇ ಸಾಯುತ್ತಿತ್ತು ಎಂದು ಆಗ ತಿಳಿಯಿತು. ತಿಳಿದ ಮೇಲಾದರೂ ಸುಮ್ಮನಿರಬೇಕಿತ್ತಲ್ಲ? ಇಲ್ಲ. ಆಫ್ ಮಾಡಿದೆ, ಆನ್ ಮಾಡಿದೆ. ರ‍್ಯಾಮ್ ಬಿಚ್ಚಿ ರಬ್ಬರಿನಿಂದ ಉಜ್ಜಿ ಮತ್ತೆ ಹಾಕಿದೆ. ಕೇಬಲ್ ಬದಲಿಸಿದೆ. ಡಿಸ್ಕ್ ಚೆಕ್ ಮಾಡುವ ಕಮಾಂಡ್ ಕೊಟ್ಟೆ; ಹನ್ನೊಂದು ಪರ್ಸೆಂಟಿಗೆ ನಿಂತಿತು. ಬಂದ್ ಮಾಡಿ ಮತ್ತೆ ಕೊಟ್ಟೆ, ಒಂಬತ್ತಕ್ಕೇ ನಿಂತಿತು. ಮೂರು ದಿನ ಅನ್ನ ಸೇರಲಿಲ್ಲ. ಆ ಮೂರೂ ದಿನ ಸರಿಯಾಗಿ ಮೂರಕ್ಕೆ ಅಪ್ಪ ಬಂದ, ಸ್ಟೂಲಿನ ಮೇಲೆ ಕೂತ, ಕೈ ಚಾಚದೆ ನನ್ನ ಮುಖ ನೋಡಿದ, ಎದ್ದು ಹೋದ. ಮೂರನೆಯ ದಿನ ಒಬ್ಬ ಮುದುಕ ರೇಷನ್ ಕಾರ್ಡನ್ನು ಉಲ್ಟಾ ಇಟ್ಟನೆಂದು ಅವನ ಮೇಲೆ ಹರಿಹಾಯ್ದೆ. ಅವನು ಹೋದ ಮೇಲೆ ಅಳು ಬಂತು.

ನಾಲ್ಕನೆಯ ದಿನ ಡಿಸ್ಕ್ ಬಿಚ್ಚಿ, ಟವೆಲಿನಲ್ಲಿ ಸುತ್ತಿ, ಗಂಗಾವತಿಯ ಬಸ್ ಹತ್ತಿದೆ. ಅಲ್ಲಿ ಹೋದ ಡೇಟಾ ತೆಗೆದುಕೊಡುವ ಭಾಯಿ ಒಬ್ಬರಿದ್ದಾರೆಂದು ಕೇಳಿದ್ದೆ. ಮನೆಯಲ್ಲಿ ಹೇಳಿರಲಿಲ್ಲ. ಆದರೆ ಆ ರೂಟಿನಲ್ಲಿ ಡ್ರೈವರನ ಮಗಳು ಕದ್ದು ಹೋಗುವುದುಂಟೇ? ತಾವರಗೇರಾ ದಾಟುವುದರೊಳಗೆ ಕಂಡಕ್ಟರು ಅಪ್ಪನಿಗೆ ಫೋನ್ ಮಾಡಿ, ನಿಮ್ಮ ಮಗಳು ತೊಡೆಯ ಮೇಲೆ ಏನೋ ಕೂಸಿನ ಹಾಗೆ ಹಿಡಿದುಕೊಂಡು ಕೂತಿದ್ದಾಳೆ ಎಂದು ವರದಿ ಒಪ್ಪಿಸಿಯಾಗಿತ್ತು. ನನ್ನ ಫೋನ್ ಬಡಿದುಕೊಂಡಿತು.

"ಎಲ್ಲಿ ಹೊಂಟಿ?"

ಇನ್ನು ಮುಚ್ಚಿಡಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. "ನಾನಽ ಅಳಿಸಿಬಿಟ್ಟೆನಪ್ಪ" ಅನ್ನುವಾಗ ಪಕ್ಕದ ಸೀಟಿನ ಹೆಂಗಸು ತಿರುಗಿ ನೋಡಿದಳು. ಬೈಯಲಿ, ಬೈದುಬಿಡಲಿ ಎಂದು ಕಾದೆ.

"ಅದು ಕುಲುಕಾಡಿದ್ರ ನಡೀತೈತೇನು?" ಅಂದ ಕೊನೆಗೆ.

"ಇಲ್ಲಪ್ಪ."

"ಡ್ರೈವರಗ ಫೋನ್ ಕೊಡು. ಕನಕಗಿರಿ ಮುಂದಿನ ಹಂಪ್ ಭಾಳ ಕೆಟ್ಟದ್ದೈತಿ, ನಿಧಾನ ಹೊಡಿ ಅಂತ ಹೇಳ್ತೀನಿ."

ಡ್ರೈವರು ನಿಧಾನವಾಗಿಯೇ ಹೊಡೆದ. ಹಿಂದಿನಿಂದ ಜನ ಗೊಣಗಿದರು.

ಭಾಯಿಯ ಅಂಗಡಿ ಒಂದು ಕೋಣೆಯಷ್ಟೇ. ಗೋಡೆಯ ತುಂಬ ಸತ್ತ ಡಿಸ್ಕುಗಳು. ಅವರು ನನ್ನದನ್ನು ಕಿವಿಗೆ ಹಿಡಿದು ಸದ್ದು ಕೇಳಿ, ಕನ್ನಡಕದ ಮೇಲಿಂದ ನೋಡಿದರು.

"ಟಕ್ ಟಕ್ ಅಂದ ಮ್ಯಾಲೂ ಚಾಲೂ ಮಾಡೀರೇನು ಅಕ್ಕಾರ?"

"ಹೌದ್ರಿ."

"ಎಷ್ಟ ಸಲ?"

"ಎಣಿಸಿಲ್ರಿ."

"ಯಾ ಅಲ್ಲಾ! ಕಾಲು ಮುರದಾಂವನ್ನ ಅಂಜನಾದ್ರಿ ಗುಡ್ಡ ಹತ್ತಿಸೀರಲ್ರಿ! ಇರಲಿ. ಫಾರ್ಮ್ಯಾಟ್ ಆದ ಮ್ಯಾಲ ಅದರಾಗ ಏನಾರ ತುಂಬೀರೇನು?"

ನಾಲಿಗೆ ಕಚ್ಚಿಕೊಂಡೆ. "ಭಜನಿಪದ. ಎಂಟು ಜಿಬಿ."

ಅವರು ನಗಲಿಲ್ಲ. ಅಳಿಸಿದ್ದು ಪೂರ್ತಿ ಹೋಗಿರುವುದಿಲ್ಲ, ಅದೇ ಜಾಗದ ಮೇಲೆ ಬೇರೆಯದು ಕೂತರೆ ಮಾತ್ರ ಹೋಗುತ್ತದೆ ಎಂದು ತಿಳಿಸಿ ಹೇಳಿದರು. ಎಲ್ಲಿ ಏನು ಕೂತಿದೆಯೋ ನೋಡೋಣ ಅಂದರು. ಡಿಸ್ಕನ್ನು ತಮ್ಮ ಯಂತ್ರಕ್ಕೆ ಸಿಕ್ಕಿಸಿ, ಅದರ ಮೇಲೆ ಫ್ಯಾನ್ ತಿರುಗಿಸಿಟ್ಟರು. ಪರದೆಯ ಮೇಲೆ ಒಂದು ಹಸಿರು ಗೆರೆ ಮಿಸುಕಾಡತೊಡಗಿತು.

ನಾನು ಕೂತೆ, ಎದ್ದೆ, ಹೊರಗೆ ಹೋಗಿ ಚಹಾ ಕುಡಿದೆ, ಒಳಗೆ ಬಂದು ಗೆರೆ ನೋಡಿದೆ. ಗೆರೆ ಅಲ್ಲೇ ಇತ್ತು. ಮೌಸಿನತ್ತ ನನ್ನ ಕೈ ತಾನಾಗಿ ಹೋಯಿತು. "ಮುಟ್ಟಬ್ಯಾಡ್ರಿ!" ಎಂದು ಭಾಯಿ ಗದರಿದರು. ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಗಳಿಗೆಗೊಮ್ಮೆ ಅಪ್ಪನ ಫೋನ್. "ಎಲ್ಲಿಗೆ ಬಂತು?" ನಲವತ್ತು ಪರ್ಸೆಂಟು. "ಈಗ?" ನಲವತ್ತೊಂದು. ಬಸ್ಸು ಯಾವ ಸ್ಟಾಪಿನಲ್ಲಿದೆ ಎಂದು ಕೇಳುವ ಧಾಟಿಯಲ್ಲೇ ಕೇಳುತ್ತಿದ್ದ. ಅರವತ್ತಮೂರಕ್ಕೆ ಡಿಸ್ಕು ಜೋರಾಗಿ ಬಡಿದುಕೊಂಡು ನಿಂತೇಬಿಟ್ಟಿತು. ಭಾಯಿ ಅದನ್ನು ಬೋರಲು ಮಲಗಿಸಿ, ಆರಲು ಬಿಟ್ಟು, ಮತ್ತೆ ಚಾಲೂ ಮಾಡಿದರು. ಎಪ್ಪತ್ತರ ತನಕ ಹೋಯಿತು. ಆಮೇಲೆ ಏನು ಮಾಡಿದರೂ ಏಳಲಿಲ್ಲ.

"ಇಷ್ಟಽ ನೋಡ್ರಿ. ಬಂದದ್ದರಾಗ ಹುಡುಕ್ರಿ."

ಸಿಕ್ಕ ಫೈಲುಗಳಿಗೆ ಹೆಸರಿರಲಿಲ್ಲ, ಬರೀ ನಂಬರು. ಒಂದೊಂದಾಗಿ ಕೇಳತೊಡಗಿದೆ. ತುಂಡು ಭಜನೆ, ಯಾರದೋ ಲಗ್ನದ ಬ್ಯಾಂಡು, ಮತ್ತೆ ಭಜನೆ. ಕೇಳುತ್ತ ಹೋಗಿ ಹೋಗಿ, ಒಂದರಲ್ಲಿ ಕೆಮ್ಮು ಕೇಳಿತು. ಅವ್ವನ ಕೆಮ್ಮು. ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡೆ. ಪೂರ್ತಿ ಕೇಳಿದೆ. ಎರಡನೆಯ ಸಲ ಕೇಳುವ ಧೈರ್ಯ ಆಗಲಿಲ್ಲ. ಪೆನ್‌ಡ್ರೈವಿಗೆ ಹಾಕಿಸಿಕೊಂಡು, ಅಪ್ಪನಿಗೆ "ಸಿಕ್ಕೈತಿ" ಎಂದಷ್ಟೇ ಹೇಳಿ ಬಸ್ ಹತ್ತಿದೆ.

ಮರುದಿನ ಭಾನುವಾರ. ಅಂಗಡಿಗೆ ರಜೆ. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಹಿಂದೆಯೇ ಅವ್ವ. ಆಪರೇಷನ್ನಿನಲ್ಲಿ ಮಾಡಿದ ಕುತ್ತಿಗೆಯ ತೂತಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಅವಳು ಈಗಲೂ ಸಂತೆಯಲ್ಲಿ ಕೂರುತ್ತಾಳೆ, ಬೆರಳೆತ್ತಿ ರೇಟು ಹೇಳುತ್ತಾಳೆ, ಚೌಕಾಸಿ ಮಾಡಿದವರಿಗೆ ಚಪ್ಪಾಳೆ ತಟ್ಟಿ ಬೈಯುತ್ತಾಳೆ. ಓದುಬರಹ ಬಾರದು. ಮನೆಯಲ್ಲಿ ತುಟಿ ಆಡಿಸುತ್ತಾಳೆ. ಅದನ್ನು ನೋಡಿ ತಿಳಿಯುವುದು ಅಪ್ಪನಿಗೆ ರೂಢಿಯಾಗಿದೆ. ನನಗೆ ಇನ್ನೂ ಅರ್ಧ ತಿಳಿಯುವುದಿಲ್ಲ.

ಹೆಡ್‌ಫೋನ್ ಬೇಡ, ಸ್ಪೀಕರಿಗೇ ಹಾಕು ಎಂದ ಅಪ್ಪ. ಮೊದಲೇ ಒಂದು ಮಾತು ಹೇಳಬೇಕು ಅನ್ನಿಸಿತು, ಹೇಳಲಿಲ್ಲ. ಹಾಕಿದೆ.

ಕೆಮ್ಮು. ಬಳೆಯ ಸದ್ದು. ಆಮೇಲೆ ಸಂತೆಯನ್ನೇ ಎಬ್ಬಿಸುತ್ತಿದ್ದ ಆ ದನಿ, ನಾಚಿಕೊಂಡು, ಸಣ್ಣದಾಗಿ:

"ಮೆಂತೆಪಲ್ಲೆಕ ಕಟ್ಟೀನಿ ಬಾಳಿ ನಾರಿನ ದಾರ,
ಬಸ್ಸಿನ್ಯಾಗ ಕುಂತು ಹೋಗ್ಯಾರ ಗಂಗಾವತಿ ದೂರ,
ದನಿ ಇದ್ದಾಗಽ ಹೇಳಿಬಿಡತೀನಿ ಇವರ ಹೆಸರ..."

ಅಷ್ಟೇ. ಮುಂದಿನ ಉಸಿರಿನ ಜಾಗದಲ್ಲಿ ಢಣಢಣ ತಾಳ, ಹಾರ್ಮೋನಿಯಂ, ಹತ್ತು ಗಂಡಸರ ಭಜನೆ. ನಾನೇ ತುಂಬಿದ್ದು. ಲಟಕ್ಕನೆ ಬಂದ್ ಮಾಡಿದೆ.

ಅಪ್ಪ ಸ್ಪೀಕರನ್ನೇ ನೋಡುತ್ತ ಕೂತ. "ಇರಲಿ ಬಿಡು" ಅಂದ. ಆಮೇಲೆ ಇನ್ನೊಮ್ಮೆ, ಯಾರಿಗೂ ಅಲ್ಲದ ಹಾಗೆ, "ಇರಲಿ" ಅಂದ. ಕಣ್ಣು ತುಂಬಿತ್ತು. ನನಗೆ ಅಲ್ಲಿಂದ ಎದ್ದು ಓಡಬೇಕೆನ್ನಿಸಿತು.

ಅವ್ವ ಚಪ್ಪಾಳೆ ತಟ್ಟಿದಳು, ನನಗೆ. ಬೆರಳು ಗಿರಕಿ ಹೊಡೆಸಿ ಸನ್ನೆ ಮಾಡಿದಳು: ಆ ಕಡೆ ತಿರುಗು. ನನಗೆ ತಿಳಿಯಲಿಲ್ಲ. ಹುಬ್ಬು ಗಂಟಿಕ್ಕಿ ಮತ್ತೆ ಸನ್ನೆ ಮಾಡಿದಳು. ಅಪ್ಪನ ಗದ್ದ ಹಿಡಿದು ಅವನ ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುತ್ತಿದ್ದಳು.

ನಾನು ಗೋಡೆಯ ಕಡೆ ತಿರುಗಿ ನಿಂತೆ. ಸದ್ದೇನೂ ಇರಲಿಲ್ಲ. ಹೊರಗೆ ಯಾವುದೋ ಬಸ್ಸು ಹಾರ್ನ್ ಹೊಡೆದು ಹೋಯಿತು. ಹುಟ್ಟಿದಾಗಿನಿಂದ ನಾನು ಅಷ್ಟು ಹೊತ್ತು ಅಲುಗಾಡದೆ ನಿಂತವಳಲ್ಲ.

ಹಿಂದಿನಿಂದ ಅಪ್ಪನ ದನಿ ಕೇಳಿತು.

"ಇನ್ನೊಮ್ಮೆ ಹೇಳು."