ಮಿರ್ಚಿಗೂ ಮುಂಚೆ ಅರಿಸಿನದ ಪರೀಕ್ಷೆ

ಸ್ನೇಹಿತರೇ, ಕೊಟ್ಟೂರಿನ ನಮ್ಮ ಅಡುಗೆಮನೆಯಲ್ಲಿ ಇಂದು ಸಂಜೆ ರಸಾಯನ ಪ್ರಯೋಗಾಲಯವೊಂದು ವಿಧ್ಯುಕ್ತವಾಗಿ ಆರಂಭವಾಯಿತು. ಹಡಗಲಿಯಿಂದ ಬಂದ ಮಾವನವರು ಮಂಡಕ್ಕಿ ಮುಂದಿಟ್ಟುಕೊಂಡು ಮಿರ್ಚಿ ಬಜ್ಜಿಗೆ ಕಾಯುತ್ತಿದ್ದರು. ನಾನು ಹೆಸರು ಬರೆಯದೆ ತುಂಬಿಟ್ಟ ಎರಡು ಡಬ್ಬಿಗಳಲ್ಲಿ ಬಜ್ಜಿ ಹಿಟ್ಟಿಗೆ ಬೇಕಾದ ಅಡುಗೆ ಸೋಡಾ ಯಾವುದು, ಹುಳಿಯ ನಿಂಬೆಉಪ್ಪು ಯಾವುದು ಎಂದು ಗೊತ್ತಿರಲಿಲ್ಲ.

“ನೆಕ್ಕಿ ನೋಡ್ರಿ,” ಎಂದಳು ಹೆಂಡತಿ.

“ವಿಜ್ಞಾನದಾಗ ನೆಕ್ಕಂಗಿಲ್ಲ!” ಎಂದು ಕಾಗದಕ್ಕೆ ಅರಿಸಿನದ ನೀರು ಬಳಿದೆ. ಕ್ಷಾರ ತಾಗಿದರೆ ಅದು ಕೆಂಪಾಗುತ್ತದೆ, ಆಮ್ಲಕ್ಕೆ ಹಳದಿಯಾಗಿಯೇ ಉಳಿಯುತ್ತದೆ. ಕಾಗದ ಒಣಗಬೇಕಿತ್ತು.

“ಅಳಿಯಂದ್ರ, ಮಂಡಕ್ಕಿ ಮೆತ್ತಗಾತು!” ಎಂದರು ಮಾವ.

ಹೆಂಡತಿ ಎರಡೂ ಪುಡಿಯನ್ನು ಚಿಟಿಕೆಯಷ್ಟು ತೆಗೆದು, ಮೇಲೆ ನಿಂಬೆಹಣ್ಣು ಹಿಂಡಿದಳು. ಒಂದು ನೊರೆಯೆದ್ದಿತು.

“ಬುಸ್ ಅಂದಿದ್ದು ಸೋಡಾ. ಅತ್ತಾಗ ಸರೀರಿ.”

ನಾನು ಬಿಡಲಿಲ್ಲ. ಮಾವ ನಾಲ್ಕನೆಯ ಮಿರ್ಚಿ ಕಡಿಯುವಾಗ ನನ್ನ ಕಾಗದವೂ ಅದೇ ಪುಡಿ ಕದಡಿದ ನೀರು ತಾಗಿ ಕೆಂಪಾಗಿ ಅದನ್ನೇ ಹೇಳಿತು. ವಿಜಯೋತ್ಸಾಹದಲ್ಲಿ ಎರಡೂ ಡಬ್ಬಿ ಮುಚ್ಚಿ ಮೇಲಿಟ್ಟೆ, ಮತ್ತೆ ಹೆಸರು ಬರೆಯದೆ.

ಈ ಕಡೆ ಬರುವವರು ದಯವಿಟ್ಟು ಒಂದು ಸ್ಕೆಚ್ ಪೆನ್ ತನ್ನಿ.