ಕೈ ತೊಳೆಸುವ ಅಕ್ಕ

ಬೆಳಕು ಹರಿಯುವ ಮೊದಲೇ ಈಕೆ ಬೆಳಕನ್ನು ಹೊರಗಟ್ಟುವ ಕೆಲಸಕ್ಕೆ ನಿಂತಿರುತ್ತಾರೆ. ಹಳೆಯ ವಸ್ತುಸಂಗ್ರಹಾಲಯದ ಹಿಂಬದಿ ಕೋಣೆಯಲ್ಲಿ ಸ್ಟೂಲು ಹತ್ತಿ, ಕಿಟಕಿಗೆ ಕಪ್ಪು ಬಟ್ಟೆ ಬಿಗಿಯುತ್ತಿದ್ದಾರೆ. ಏನಕ್ಕಾ ಇದು ಎಂದರೆ ಬಾಯಲ್ಲಿ ಕಚ್ಚಿಕೊಂಡ ಗುಂಡುಪಿನ್ನು ತೆಗೆದು ಹೇಳುತ್ತಾರೆ: "ಬಿಸಿಲು ಒಳಗೆ ಬಂದ್ರೆ ಕಾಗದದ ಬಣ್ಣ ಗಳಿಗೆಗೊಂದು ಥರ ಕಾಣುತ್ತೆ. ನಮ್ಮ ದೀಪ ಹೇಳಿದ ಮಾತು ಕೇಳುತ್ತೆ, ಸೂರ್ಯ ಕೇಳ್ತಾನಾ?"

ಹಳೆಯ ಕಾಗದಗಳನ್ನು ಕ್ಯಾಮೆರಾದಲ್ಲಿ ಸೆರೆಹಿಡಿದು ಕಂಪ್ಯೂಟರಿಗೆ ಸೇರಿಸುವುದನ್ನು ಸಂಗ್ರಹಾಲಯ, ಗ್ರಂಥಾಲಯಗಳ ಸಿಬ್ಬಂದಿಗೆ ಕಲಿಸುವುದು ಇವರ ಕಸುಬು. ಹೋದಲ್ಲೆಲ್ಲ ಮೊದಲ ಪಾಠ ನಲ್ಲಿಯ ಹತ್ತಿರವೇ. ಹಾಗಾಗಿ ಎಲ್ಲರ ಬಾಯಲ್ಲೂ ಇವರು ‘ಕೈ ತೊಳೆಸುವ ಅಕ್ಕ’. ಬಿಳಿ ಕೈಗವಸು ತೊಟ್ಟು ಠೀವಿಯಿಂದ ಬಂದವರಿಗೂ ವಿನಾಯಿತಿಯಿಲ್ಲ. "ಗವಸು ಹಾಕಿದ್ರೆ ಬೆರಳು ಕುರುಡಾಗುತ್ತೆ. ಹಾಳೆ ಹರಿಯೋದೇ ಗೊತ್ತಾಗಲ್ಲ. ಬಿಚ್ಚಿ, ಸೋಪು ಹಾಕಿ, ಚೆನ್ನಾಗಿ ಒರೆಸ್ಕೊಳ್ಳಿ."

ಅಪ್ಪನ ಫೋಟೊ ಸ್ಟುಡಿಯೋದಲ್ಲಿ ಬೆಳೆದವರು. ಮೊಬೈಲು ಬಂದ ಮೇಲೆ ಸ್ಟುಡಿಯೋ ಬಾಗಿಲು ಹಾಕಿತು. ದೀಪ, ಸ್ಟ್ಯಾಂಡು ಇವರ ಪಾಲಿಗೆ ಉಳಿದವು. ಈಗ ಅರ್ಧ ತಿಂಗಳು ಬಸ್ಸಿನಲ್ಲೇ. ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿದೆ. ಕೆಲಸ ಹದಕ್ಕೆ ಬಂದರೆ ದಿನಕ್ಕೆ ಇನ್ನೂರು ಹಾಳೆ, ಕರೆಂಟು ಕೈಕೊಟ್ಟರೆ ಅದೂ ಇಲ್ಲ. ಅತ್ತೆಯವರ ದೂರು ಬೇರೆ: "ಊರವರ ಕಾಗದದ್ದೆಲ್ಲ ಫೋಟೊ ತೆಗೀತಾಳೆ, ನನ್ನದೊಂದು ನೆಟ್ಟಗಿರೋದು ಮನೇಲಿಲ್ಲ!"

ಇಲ್ಲಿರುವುದು ನಾಟಕ ಕಂಪನಿಗಳ ಹಳೆಯ ಕರಪತ್ರಗಳ ಕಂತೆ. ಈರುಳ್ಳಿ ಸಿಪ್ಪೆಯಷ್ಟು ತೆಳು. ಅವನ್ನು ಇಷ್ಟು ವರ್ಷ ಜೋಪಾನ ಮಾಡಿದವರು ಉಗ್ರಾಣ ನೋಡಿಕೊಳ್ಳುವ ‘ಬೀಗದ ಮಾವ’. ತರಬೇತಿಗೆ ಮಾತ್ರ ಅವರು ಸುತರಾಂ ಒಪ್ಪುತ್ತಿಲ್ಲ. ಕಂಪ್ಯೂಟರಿಗೆ ಸೇರಿದ ಮೇಲೆ ಕಂತೆಗಳನ್ನು ರದ್ದಿಗೆ ಹಾಕಿ, ಉಗ್ರಾಣವನ್ನು ಸಭಾಕೋಣೆ ಮಾಡುವುದು ಮೇಲಧಿಕಾರಿಯ ಲೆಕ್ಕಾಚಾರ. ಕುರ್ಚಿಗೆ ಅಳತೆಯೂ ಆಗಿದೆ.

"ನೋಡಮ್ಮಾ, ನೀನು ಎಲ್ಲರಿಗೂ ಕೈ ತೊಳ್ಕೊಳ್ಳಿ ಅಂತೀಯ. ಫೋಟೊ ಆದ್ಮೇಲೆ ಇವರು ನಿಜವಾಗ್ಲೂ ಕೈ ತೊಳ್ಕೊಳ್ತಾರೆ," ಎನ್ನುತ್ತಾರೆ ಮಾವ. ಅಕ್ಕನಿಗೂ ಒಳಗೊಳಗೇ ಅದೇ ಅಳುಕು.

ಮೊದಲ ಕಂತೆ ಮುಗಿದ ದಿನ ಅಧಿಕಾರಿ ಪರದೆಯ ಮುಂದೆ ಕೂರುತ್ತಾರೆ. ನಾಲ್ಕು ಚಿತ್ರ ಸರಿದ ಮೇಲೆ ಕನ್ನಡಕ ಏರಿಸುತ್ತಾರೆ. "ಇದೇನ್ರಿ? ಮೇಲೆ ‘ಪುಟಾಣಿಗಳೇ ಬನ್ನಿ’, ಕೆಳಗೆ ‘ಮಕ್ಕಳಿಗೆ ಪ್ರವೇಶವಿಲ್ಲ’?"

ಕೋಣೆಯಲ್ಲಿ ನಗು ತಡೆಯುವವರಿಲ್ಲ. ಈ ಕಂತೆಯ ಫೋಟೊ ತೆಗೆದ ಗ್ರಂಥಪಾಲಕಿಯ ಮುಖ ಮಾತ್ರ ಸಪ್ಪಗಾಗಿದೆ. ತೆಳು ಹಾಳೆಯ ಹಿಂದೆ ಕಪ್ಪು ಕಾಗದ ಇಡಬೇಕು; ಇಲ್ಲದಿದ್ದರೆ ಅಡಿಯ ಹಾಳೆಯ ಅಕ್ಷರ ಮೇಲಕ್ಕೆ ಇಣುಕುತ್ತದೆ. ಆಕೆ ಮರೆತಿದ್ದಾರೆ, ಕಂತೆಯುದ್ದಕ್ಕೂ.

"ಕಂಪ್ಯೂಟರಲ್ಲೇ ಅಳಿಸಿಬಿಡಿ," ಎನ್ನುತ್ತಾರೆ ಅಧಿಕಾರಿ.

"ಯಾವ ಅಕ್ಷರ ಯಾವ ಹಾಳೇದು ಅಂತ ಊಹೆ ಮೇಲೆ ಅಳಿಸೋಕಾಗಲ್ಲ ಸರ್. ಮತ್ತೆ ತೆಗೀಬೇಕು." ಅಕ್ಕ ಕಂತೆಯ ಮೇಲೆ ಕೈಯಿಡುತ್ತಾರೆ. "ಕಾಗದ ಇನ್ನೂ ಇದೆ, ಅದಕ್ಕೇ ಮತ್ತೆ ತೆಗೀಬಹುದು. ಕಲಿಯೋವಾಗ ಈ ತಪ್ಪು ಎಲ್ಲರೂ ಮಾಡ್ತಾರೆ, ನಾನೂ ಮಾಡಿದೀನಿ. ಇನ್ನೂ ಎಷ್ಟು ತಪ್ಪು ಯಾವತ್ತು ಸಿಗುತ್ತೋ, ಯಾರಿಗೆ ಗೊತ್ತು?"

ಅಧಿಕಾರಿ ಪರದೆ ನೋಡುತ್ತಾರೆ, ಮಾವನ ಸೊಂಟದ ಬೀಗದ ಗೊಂಚಲು ನೋಡುತ್ತಾರೆ. "ಆಯ್ತು ಬಿಡಿ. ಸಭೆ ನನ್ನ ರೂಮಲ್ಲೇ ನಡೀಲಿ. ಕಂತೆಗಳು ಇದ್ದಲ್ಲೇ ಇರಲಿ."

ಗ್ರಂಥಪಾಲಕಿಗೆ ಬೈಗುಳದ ಬದಲು ಮಾವನ ಕೈಯಿಂದ ಚಹಾ ಸಿಗುತ್ತದೆ.

ಇಂದು ಅಕ್ಕ ಹೊರಡುವ ದಿನ. ಕಪ್ಪು ಬಟ್ಟೆ ಮಡಚಿ ಸೂಟ್‌ಕೇಸಿಗೆ ಇಡುತ್ತಿರುವಾಗ, ಏನಾದರೂ ಆಸೆ ಇದೆಯೇ ಎಂದರೆ ನಗುತ್ತಾರೆ. "ಅತ್ತೆಯವರದ್ದೊಂದು ಫೋಟೊ ತೆಗೀಬೇಕು, ಇಲ್ಲಾಂದ್ರೆ ಮನೆಗೆ ಸೇರಿಸಲ್ಲ. ಆಮೇಲೆ… ನಾನು ಹೋದ್ಮೇಲೂ ಇಲ್ಲಿ ಕೆಲಸ ನಿಲ್ಲಬಾರದು."

ಅಷ್ಟರಲ್ಲಿ ಹೊರಗೆ ನಲ್ಲಿಯ ಸದ್ದು. ಬೀಗದ ಮಾವ ಅಂಗಿಯ ತೋಳು ಮಡಚಿ, ಮೊಣಕೈವರೆಗೆ ಸೋಪು ಹಚ್ಚಿಕೊಂಡು ನಿಂತಿದ್ದಾರೆ. ಹಿಂದೆ ಸಾಲು ನಿಂತ ಗುಮಾಸ್ತರನ್ನು ಗದರುತ್ತಿದ್ದಾರೆ: "ಚೆನ್ನಾಗಿ ಒರೆಸ್ಕೊಳ್ರಪ್ಪಾ, ಕಾಗದ ಮುಟ್ಟಬೇಕು!"