ಕಂಬಳಿ ಹೊದ್ದವನ ನಾಲ್ಕು ನಿಮಿಷ

1965ನೇ ಇಸವಿ ಫೆಬ್ರವರಿ 7, ಭಾನುವಾರ, ಸಂಜೆ 6-40. ಗುಬ್ಬಿಯ ಟೆಂಟ್ ಸಿನಿಮಾದಲ್ಲಿ ಆಟ ಶುರುವಾದ ಹೊತ್ತು ಇದು. ನಾನು ತುಮಕೂರಿನಲ್ಲಿ ರೂಮು ಮಾಡಿಕೊಂಡು ಕಾಲೇಜಿಗೆ ಹೋಗುತ್ತೇನೆ. ಗುಬ್ಬಿಯ ಮನೆಗೆ ಬಂದ ಭಾನುವಾರ ಅಕ್ಕನನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗುವುದು ವಾಡಿಕೆ. ನೋಡಿದ ಚಿತ್ರಗಳ ಪಟ್ಟಿ ಡೈರಿಯಲ್ಲಿದೆ, ಇದು ನಲವತ್ತೊಂದನೆಯದು.

ಗುಡ್ಡದ ಮೇಲೆ ಒಂಟಿ ಬಂಗಲೆ. ಅದರ ಒಡೆಯ, ಅವನು ಹೊಸದಾಗಿ ಮದುವೆಯಾದ ಹೆಂಡತಿ, ಐದು ಜನ ನೆಂಟರು. ಕಂಬಳಿ ಹೊದ್ದ ಯಾರೋ ಒಬ್ಬ ಮಚ್ಚು ಹಿಡಿದು ನೆಂಟರನ್ನು ಒಬ್ಬೊಬ್ಬರಾಗಿ ಮುಗಿಸುತ್ತಾನೆ. ಮುಖ ಕಾಣುವುದಿಲ್ಲ. ಇಂಟರ್‌ವಲ್ಲಿಗೆ ಮೊದಲು ಮೂರು ಕೊಲೆ, ಆಮೇಲೆ ಎರಡು. ಹೆಂಗಸರ ಕಡೆಯಿಂದ ಹನ್ನೊಂದು ಸಲ ಕಿರುಚಾಟ ಕೇಳಿಸಿತು. ಕೊನೆಗೆ ಅವನು ಹೆಂಡತಿಯ ಮೇಲೆ ಮಚ್ಚೆತ್ತಿದ. ಅವಳು ಕಂಬಳಿಗೆ ಕೈ ಹಾಕಿದಳು. ಮರುಕ್ಷಣವೇ ಬೆಳಗಾಗಿತ್ತು! ಅವಳು ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಳು, ಪೊಲೀಸ್ ಜೀಪು ಗುಡ್ಡ ಇಳಿಯುತ್ತಿತ್ತು. ಅಲ್ಲಿಗೆ ಚಿತ್ರ ಮುಗಿಯಿತು.

ನಾನು ಆಪರೇಟರನ ಬಳಿ ಹೋಗಿ ನಡುವಿನ ಭಾಗ ಎಲ್ಲಿ ಹೋಯಿತು ಎಂದು ಕೇಳಿದೆ. ಅವನು ರೀಲು ಸುತ್ತುವುದನ್ನು ನಿಲ್ಲಿಸಲಿಲ್ಲ.

"ಲಾಸ್ಟ್ ಬಸ್ ಹೋಗ್ಬುಡ್ತದಲ್ಲ ಸ್ವಾಮಿ, ಹಳ್ಳಿಯೋರು ಏನ್ ಮಾಡ್ಬೇಕು? ದಿನಾ ಒಂದು ರೀಲು ಬುಟ್ಟೇ ಓಡ್ಸೋದು."

"ಅದಕ್ಕೆ ಇದನ್ನೇ ಬಿಡೋದಾ?"

"ಹಾಡಿರೋ ರೀಲು ಬುಟ್ರೆ ಜನ ಟೆಂಟ್‌ಗೇ ಬೆಂಕಿ ಇಕ್ತಾರೆ. ಹದಿಮೂರ್ನೇದ್ರಲ್ಲಿ ಬರೀ ಮಾತಂತೆ."

"ಕೊಂದೋನು ಯಾರು ಹಂಗಾದ್ರೆ?"

"ನಾನೆಲ್ಲಿ ನೋಡಿದೀನಿ? ಮೊದಲ್ನೇ ಆಟದಿಂದ್ಲೂ ಬುಟ್ಟಿದೀನಲ್ಲ! ಶನಿವಾರ ಡಬ್ಬ ಕುಣಿಗಲ್‌ಗೆ ಹೋಗ್ತದೆ, ಅಲ್ಲೋಗಿ ನೋಡ್ಕಳಿ."

ನನಗೆ ನಗು ಬಂತು. ಅಕ್ಕನಿಗೆ ಬರಲಿಲ್ಲ. ಅವಳನ್ನು ಕುಣಿಗಲ್ ಕಡೆಯ ಗಂಡೊಬ್ಬರು ನೋಡಿಕೊಂಡು ಹೋಗಿ ಒಪ್ಪಿದ್ದರು. ಊರಿಂದ ಎರಡು ಮೈಲಿ ಆಚೆ ತೋಟದ ಮನೆ, ಅಕ್ಕಪಕ್ಕ ಯಾರೂ ಇಲ್ಲ. ತಂದೆತಾಯಿ ತೀರಿಹೋಗಿ ಆತ ಒಬ್ಬರೇ ಇದ್ದರು. ನಮ್ಮ ಮನೆಯಲ್ಲಿ ಒಂದೂವರೆ ಗಂಟೆ ಕೂತು ಆಡಿದ ಮಾತು ನಾಲ್ಕೇ. ಅಪ್ಪ ಒಪ್ಪಿಗೆಯನ್ನು ಅಕ್ಕನಿಗೇ ಬಿಟ್ಟಿದ್ದರು, ಯುಗಾದಿಯೊಳಗೆ ಹೇಳಬೇಕಿತ್ತು.

"ಆ ಗಂಡನೇ ಕೊಂದಿದ್ರೆ?" ಎಂದಳು ದಾರಿಯಲ್ಲಿ.

"ಸಿನಿಮಾ ಕಣೇ ಅದು."

"ಒಂಟಿ ಮನೇಗೆ ಹೋಗೋಳು ನಾನು ಕಣೋ, ನೀನಲ್ಲ. ಯಾರು ಅಂತ ತಿಳ್ಕೊಂಡ್ ಬಾ. ಆಮೇಲೆ ಅಪ್ಪಂಗೆ ಹೇಳ್ತೀನಿ."

ಆ ವಾರ ನನಗೆ ಪಾಠ ತಲೆಗೆ ಹತ್ತಲಿಲ್ಲ. ಶನಿವಾರ, 13ನೇ ತಾರೀಖು, ಹೆಬ್ಬೂರಿನ ಮೇಲೆ ಹೋಗುವ ಬಸ್ಸು ಹಿಡಿದು ಕುಣಿಗಲ್ಲಿಗೆ ಹೋದೆ. ಟೆಂಟಿನಲ್ಲಿ ಮರಳಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ಬಂದು ಕೂತವರನ್ನು ನೋಡಿದರೆ, ಅಕ್ಕನನ್ನು ಒಪ್ಪಿದ್ದ ಅದೇ ಗಂಡು.

"ಏನಪ್ಪಾ, ನೀವಿಲ್ಲಿ?"

ಸ್ನೇಹಿತನ ಮನೆಗೆ ಬಂದಿದ್ದೆ ಎಂದು ಸುಳ್ಳು ಹೇಳಿದೆ.

ಕುಣಿಗಲ್ಲಿನಲ್ಲಿ ಹದಿಮೂರನೆಯ ರೀಲು ಓಡಿತು. ಹೆಂಡತಿ ಎಳೆದ ಕಂಬಳಿ ಜಾರಿತು. ಒಳಗಿದ್ದವನು ಬಂಗಲೆಯ ಒಡೆಯ, ಅವಳ ಗಂಡನೇ. ಇಡೀ ಟೆಂಟು ಎದ್ದು ನಿಂತಿತು. ಸಿಳ್ಳೆ, ಬೈಗುಳ. "ಎಲಾ ಕಳ್ಳ ನನ್ಮಗನೆ!" ಎಂದು ಕೂಗಿ ಮುಂದಿದ್ದ ಮುದುಕರೊಬ್ಬರು ಹಿಡಿ ಮರಳು ತೆಗೆದು ಪರದೆಗೆ ಎರಚಿದರು. ಅವನು ಮಚ್ಚು ಕೆಳಗಿಟ್ಟು ತಾನೇಕೆ ಕೊಂದೆ ಎಂದು ಹೆಂಡತಿಗೆ ಹೇಳುತ್ತಿದ್ದ. ನನ್ನ ವಾಚಿನಲ್ಲಿ ನಾಲ್ಕು ನಿಮಿಷ ಹೇಳಿದ. ತುಟಿ ಅಲ್ಲಾಡಿದ್ದು ಕಂಡಿತೇ ಹೊರತು ಒಂದು ಮಾತೂ ಕೇಳಿಸಲಿಲ್ಲ. ಅವಳು ಅಳುತ್ತಾ ಅವನ ತಲೆ ಸವರಿದಳು. ಅವನು ಏಕೆ ಕೊಂದನಂತೆ ಎಂದು ಹೊರಗೆ ಬಂದ ಮೇಲೆ ಏಳು ಜನರನ್ನು ಕೇಳಿದೆ. ಒಬ್ಬ ಆಸ್ತಿಗೆ ಎಂದ, ಒಬ್ಬ ಮೊದಲ ಹೆಂಡತಿಯ ಸಲುವಾಗಿ ಎಂದ, ಒಬ್ಬ ಹುಚ್ಚು ಎಂದ. ಉಳಿದ ನಾಲ್ವರು ನನ್ನನ್ನೇ ಕೇಳಿದರು.

"ಇನ್ನೆಲ್ಲಿ ಬಸ್ಸು, ನಮ್ಮನೇಲೇ ಇದ್ಬುಡಿ," ಎಂದರು ಗಂಡು. ಉಪಚಾರದ ಮಾತು ಅಂದುಕೊಂಡೆ. ಆದರೆ ಯಾರೂ ಇಲ್ಲದ ದಾರಿಯಲ್ಲಿ ಸೈಕಲ್ಲು ತಳ್ಳಿಕೊಂಡು ಬರುತ್ತ ಅವರು ಬೆಲ್ಲು ಹೊಡೆಯುತ್ತಲೇ ಇದ್ದರು. ಮನೆ ಸೇರಿದ ಮೇಲೆ ನಾಲ್ಕು ಸಲ ಎದ್ದು ಹೋಗಿ ಚಿಲಕ ನೋಡಿ ಬಂದರು.

"ಮೂರು ವರ್ಷ ಆಯ್ತು ಒಬ್ನೇ ಇದೀನಿ. ಇನ್ನೂ ಅಭ್ಯಾಸ ಆಗಿಲ್ಲ ನೋಡಿ," ಎಂದರು. "ನಿಮ್ಮಕ್ಕಂಗೆ ಹೇಳ್ಬೇಡಿ, ನಗ್ತಾರೆ."

ಮರುದಿನ ಗುಬ್ಬಿಗೆ ಹೋಗಿ ಅಕ್ಕನಿಗೆ ಎಲ್ಲವನ್ನೂ ಹೇಳಿದೆ, ಹೇಳಬೇಡಿ ಎಂದಿದ್ದನ್ನೂ ಸೇರಿಸಿ. ಬೆಲ್ಲಿನ ವಿಷಯಕ್ಕೆ ಅವಳು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಹೆದರುವ ಗಂಡಸು ಕೆಟ್ಟವನಾಗಿರಲಾರ, ಇನ್ನು ಒಪ್ಪುತ್ತಾಳೆ ಅಂದುಕೊಂಡೆ. ಚಿಲಕದ ವಿಷಯ ಬಂದಾಗ ನಗು ನಿಂತಿತು.

"ಆ ಬಂಗಲೇಲೂ ದಿನಾ ರಾತ್ರಿ ಬಾಗಿಲು ಭದ್ರ ಮಾಡ್ತಿದ್ದೋನು ಅವ್ನೇ ಅಲ್ವೇನೋ?"

ಹೌದು. ಕೊಲೆ ಎಣಿಸಿದ ನಾನು ಅದನ್ನು ಬರೆದುಕೊಂಡಿರಲಿಲ್ಲ.

"ಯಾರು ಅಂತ ಗೊತ್ತಾಯ್ತು. ಹೆದರ್ಕೊಂಡು ಕೊಂದ್ನಾ, ಕೊಲ್ಬೇಕು ಅಂತ್ಲೇ ಕೊಂದ್ನಾ? ಒಬ್ನೇ ಇದ್ದೂ ಇದ್ದೂ ಹಂಗಾದ್ನಾ? ನಂಗೆ ಅದು ಬೇಕು."

"ಇವರು ಅವನಲ್ವಲ್ಲೇ ಅಕ್ಕ."

"ಅಲ್ಲ ಅಂತ ನಂಗೂ ಗೊತ್ತು. ಆದ್ರೂ ಬೇಕು."

ಆಮೇಲೆ ಎರಡು ಭಾನುವಾರ ಕಳೆದಿವೆ. ಬಸ್ಸಿಳಿದು ಚಪ್ಪಲಿ ಬಿಡುವ ಮೊದಲೇ ಅಕ್ಕ "ಗೊತ್ತಾಯ್ತೇನೋ?" ಎನ್ನುತ್ತಾಳೆ. ಅಪ್ಪ ಅಂಗಳದಲ್ಲಿ ಅತ್ತಿತ್ತ ಓಡಾಡುತ್ತಾರೆ. ಕುಣಿಗಲ್ಲಿನಿಂದ ಡಬ್ಬ ಎಲ್ಲಿಗೆ ಹೋಯಿತೋ ಟೆಂಟಿನವರಿಗೂ ತಿಳಿಯದು. ನಾನು ಇದುವರೆಗೆ ಇಪ್ಪತ್ತಾರು ಜನರನ್ನು ಕೇಳಿದ್ದೇನೆ.

ಗುಡ್ಡದ ಮೇಲಿನ ಬಂಗಲೆ, ಐದು ಕೊಲೆ, ಕಂಬಳಿ ಹೊದ್ದ ಒಡೆಯ. ಈ ಚಿತ್ರವನ್ನು ಗದ್ದಲವಿಲ್ಲದ ಕಡೆ ನೋಡಿದವರು ಯಾರಾದರೂ ಇದ್ದರೆ, ಆ ನಾಲ್ಕು ನಿಮಿಷದಲ್ಲಿ ಅವನು ಏನು ಹೇಳಿದ ಎಂಬುದನ್ನು ದಯವಿಟ್ಟು ಈ ಪತ್ರಿಕೆಗೆ ಒಂದು ಕಾರ್ಡು ಬರೆದು ತಿಳಿಸಿ. ಕಿವಿಯಾರೆ ಕೇಳಿದ್ದನ್ನಷ್ಟೇ ಬರೆಯಿರಿ. ಊಹೆಗಳು ನಮ್ಮ ಮನೆಯಲ್ಲೇ ಬೇಕಾದಷ್ಟಿವೆ. ಯುಗಾದಿಗೆ ಐದು ವಾರವೂ ಉಳಿದಿಲ್ಲ.